ಎಕ್ಸೆಲ್ ಶೀಟಲ್ಲಿ ಒಂದು ವಾರ ಖಾಲಿ ಬಿಡು ತಮ್ಮಾ

ಅಕ್ಟೋಬರಲ್ಲಿ ಮಾಸ್ಟರ್ಸಿಗೆ ಜರ್ಮನಿಗೆ ಬರ್ತಿದೀನಿ, ಎರಡು ವರ್ಷದ್ದು ತಿಂಗಳು ತಿಂಗಳಿಗೂ ಎಕ್ಸೆಲ್ ಶೀಟ್ ಮಾಡಿಟ್ಟಿದೀನಿ, ಜೊತೆಗೆ ಬರೋ ಫ್ರೆಂಡ್ ಮಾತ್ರ ಹೋದ್ಮೇಲೆ ನೋಡ್ಕೊಂಡ್ರಾಯ್ತು ಅಂತಾನೆ, ಯಾರು ಸರಿ ಅಣ್ಣ ಅಂತ ಕೇಳಿದೀಯ. ಚಳಿ, ದುಡ್ಡು, ಪಾರ್ಟ್ ಟೈಮ್ ಬಗ್ಗೆನೂ ಕೇಳಿದೀಯ. ಜಾಕೆಟ್ ಇಲ್ಲೇ ತಗೋ. ವೀಸಾಗೆ ಅಂತ ಒಂದು ವರ್ಷದ ಖರ್ಚು ಮೊದಲೇ ಕಟ್ಟಿಡೋ ಬ್ಲಾಕ್ಡ್ ಅಕೌಂಟಿನ 11,904 ಯೂರೋದಲ್ಲಿ ತಿಂಗಳಿಗೆ ಕೈಗೆ ಬರೋದು 992, ಮ್ಯೂನಿಕ್ಕಲ್ಲಿ ಸಾಲಲ್ಲ, ಚಿಕ್ಕ ಊರಲ್ಲಿ ಹೇಗೋ ಆಗುತ್ತೆ. ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಮಾಡ್ಬಹುದು, ಭಾಷೆ ಕಲಿ.

ನಾನು ಬಂದಿಳಿದಿದ್ದು ಶನಿವಾರ ರಾತ್ರಿ. ಬೆಳಗ್ಗೆ ಬ್ರೆಡ್ ತರೋಣ ಅಂತ ಹೊರಟ್ರೆ ಬೀದಿಗೆ ಬೀದಿನೇ ಬಾಗಿಲು ಹಾಕಿದೆ. ಭಾನುವಾರ ಅಂದ್ರೆ ನಮ್ಮ ಕೊಡಗಿನ ಗೋಣಿಕೊಪ್ಪ ಸಂತೆ ಅಂತ ಬೆಳೆದೋನಿಗೆ ಹೇಗಾಗಿರ್ಬೇಡ! (ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ತೆಗೆದಿರುತ್ತೆ, ನೆನಪಿಟ್ಕೋ.) ಇಲ್ಲಿ ಡಾಕ್ಟರಿಗೂ ಟರ್ಮಿನ್ (ಅಪಾಯಿಂಟ್ಮೆಂಟ್), ಬ್ಯಾಂಕಿಗೂ ಟರ್ಮಿನ್, ಫ್ರೆಂಡ್ ಮನೇಲಿ ಕಾಫಿ ಕುಡಿಯಕ್ಕೂ ಮೊದಲೇ ಹೇಳಿರ್ಬೇಕು, ನಮ್ಮಲ್ಲಿ ತರ ದಾರೀಲಿ ಹೋಗ್ತಾ ಜೀಪ್ ತಿರುಗಿಸಿ ಯಾರದೋ ಮನೇಲಿ ಊಟ ಮುಗಿಸ್ಕೊಂಡು ಬರೋದೆಲ್ಲ ಇಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸ್ಬೇಕು, ನಿನ್ನ ಫ್ರೆಂಡ್ ಅಲ್ಲೇ ಸಿಕ್ಕಾಕ್ಕೊಳ್ಳೋದು.

ಹಾಗಂತ ನಿನ್ನ ಶೀಟಿಗೆ ಪೂರ್ತಿ ಮಾರ್ಕ್ಸ್ ಕೊಡಲ್ಲ. ಕೆಲಸ ಸಿಕ್ಕಿದ್ಮೇಲೆ ನೋಡು, ನಮ್ಮ ಆಫೀಸಲ್ಲಿ ಜನವರೀಲೇ ವರ್ಷದ ರಜೆ ಎಲ್ಲಾ ಬರೆದು ಕೊಡ್ಬೇಕು. ಕಾನೂನು ಪ್ರಕಾರ ವಾರಕ್ಕೆ ಐದು ದಿನ ಕೆಲಸ ಮಾಡೋರಿಗೆ ಕನಿಷ್ಠ 20 ದಿನ, ಎಷ್ಟೋ ಕಡೆ ಇನ್ನೂ ಜಾಸ್ತಿ ಕೊಡ್ತಾರೆ. ಆದ್ರೆ ನಮ್ಮೂರಲ್ಲಿ ಯಾವುದು ಜನವರೀಲಿ ಡೇಟ್ ಹೇಳುತ್ತೆ? ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಹೂರ್ತ ಪಾಡಿ ಇಗ್ಗುತ್ತಪ್ಪನ ದೇವಸ್ಥಾನದಲ್ಲಿ ತೀರ್ಮಾನ ಆಗ್ಬೇಕು, ಆದ್ರೂ ರೋಹಿಣಿ ನಕ್ಷತ್ರ ನೋಡಿ ಅಂದಾಜಿಗೆ ಟಿಕೆಟ್ ಹಾಕ್ಬಹುದು, ಹಾಗೆ ಹಾಕಿ ಬಂದೂ ಇದೀನಿ. ಕಾಫಿ ಹೂವಿಗೆ ಅದೂ ನಡೆಯಲ್ಲ. ಹೂ ಅರಳಿಸೋ ಹೂಮಳೆ ಫೆಬ್ರವರಿಗೋ ಮಾರ್ಚಿಗೋ ಯಾರಿಗೊತ್ತು, ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಎರಡ್ಮೂರು ದಿನಕ್ಕೆ ಮುಗೀತು. ಅಪ್ಪ ವಾಟ್ಸಾಪಲ್ಲಿ ಒಂದು ಇಂಚು ಇಪ್ಪತ್ತು ಸೆಂಟ್ ಮಳೆ ಬಂತು ಅಂತ ಹಾಕ್ತಾರೆ, ಆಗ ಹೊರಟ್ರೂ ಹೂ ಸಿಗುತ್ತೆ, ಟಿಕೆಟಿಗೆ ದುಡ್ಡೂ ಇರುತ್ತೆ, ರಜೆ ಇರಲ್ಲ, ಎಲ್ಲಾ ಆಗಲೇ ಹಂಚಿ ಆಗಿರುತ್ತೆ. ನನ್ನ ಹೆಂಡತಿ ಧಾರವಾಡದೋಳು, ಮದುವೆಯಾಗಿ ಇಷ್ಟು ವರ್ಷ ಆದ್ರೂ ಆ ಹೂವನ್ನ ಫೋಟೋದಲ್ಲೇ ನೋಡಿರೋದು. ಇದೊಂದು ನಂಗೆ ಚುಚ್ತಾನೇ ಇರುತ್ತೆ.

ನಮ್ಮ ಅಪ್ಪಂದಿರನ್ನೇ ನೋಡು, ಮಳೆ ನಂಬ್ಕೊಂಡು ಸುಮ್ನೆ ಕೂರಲ್ಲ, ಕೆರೆ ತುಂಬಿಸಿ ಡೀಸೆಲ್ ತಂದಿಟ್ಟು ಸ್ಪ್ರಿಂಕ್ಲರ್ ರೆಡಿ ಇಟ್ಟಿರ್ತಾರೆ, ಮೋಡ ಕಟ್ಟಿದ್ರೆ ಪಂಪ್ ಆಫ್ ಮಾಡಿ ಕಾಯ್ತಾರೆ. ನೀನೂ ವರ್ಷಕ್ಕೆ ಒಂದು ವಾರ ಯಾವುದಕ್ಕೂ ಹೆಸರು ಹಾಕದೆ ಇಟ್ಕೋ, ಟಿಕೆಟ್ ದುಡ್ಡು ಬೇರೆ ಅಕೌಂಟಲ್ಲಿರ್ಲಿ, ಬಾಸಿಗೂ ಮೊದಲೇ ಹೇಳಿರು, ಮೊದಲೇ ಹೇಳಿದ್ರೆ ಇಲ್ಲಿನೋರು ಒಪ್ತಾರೆ. ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸ್ ಇದೆ, 2023ರಲ್ಲಿ 49 ಯೂರೋ ಇತ್ತು, ಆಮೇಲೆ ಏರಿಸಿದಾರೆ, ಸ್ಪೀಡ್ ರೈಲಿಗೆ ನಡೆಯಲ್ಲ ಆದ್ರೆ ಮನಸು ಬಂದಾಗ ಹತ್ತಿ ಹೋಗ್ಬಹುದು.

ಯಾವ ಊರಿನ ಯೂನಿವರ್ಸಿಟಿ ಅಂತ ನೀನು ಬರೀಲೇ ಇಲ್ಲ. ಬರಿ, ಅಲ್ಲಿ ನಮ್ಮ ಕಡೆಯೋರು ಯಾರಾದ್ರೂ ಇದಾರಾ ಕೇಳ್ತೀನಿ. ನಮ್ಮ ಅಡುಗೆ ಹುಳಿ ಕಾಚಂಪುಳಿ ಬಾಟಲ್ ದೊಡ್ಡ ಬ್ಯಾಗಲ್ಲಿ ಹಾಕು, ಹ್ಯಾಂಡ್ ಬ್ಯಾಗಲ್ಲಿದ್ರೆ ಏರ್‌ಪೋರ್ಟಲ್ಲೇ ಕಿತ್ಕೊತಾರೆ.