ಅಪ್ಪ ಊಟ ಬಿಟ್ಟಿದ್ದಾರೆ, ಗ್ಲೂಕೋಸ್ ಹಾಕಿಸಲೇ?

ಮನೆಯಲ್ಲೇ ಕೊನೆಗಾಲದ ಆರೈಕೆ ಮಾಡುತ್ತಿರುವವರು ಬರೆಯಿರಿ ಎಂದು ಹೋದ ತಿಂಗಳು ಇದೇ ಅಂಕಣದಲ್ಲಿ ಕೇಳಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕೆ ಅರ್ಧ ಊಟದ ಬಗ್ಗೆಯೇ. ನನಗೇನೂ ಆಶ್ಚರ್ಯವಾಗಲಿಲ್ಲ. ಹದಿನೇಳು ವರ್ಷ ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ನರ್ಸ್ ಆಗಿ ಹೋಗಿ ಬಂದವಳು ನಾನು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಕಿವಿಗೆ ಬೀಳುತ್ತಿದ್ದ ಮೊದಲ ಮಾತು "ಏನೂ ತಿನ್ನುತ್ತಿಲ್ಲ ಸಿಸ್ಟರ್" ಎಂಬುದೇ. ನೋವಿನ ಸುದ್ದಿ ಆಮೇಲೆ.

ಪ್ರಶ್ನೆ: ಅಪ್ಪನಿಗೆ 71 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಇನ್ನು ಚಿಕಿತ್ಸೆಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಒಂದು ವಾರದಿಂದ ರಾಗಿ ಗಂಜಿ ಕೂಡ ಎರಡು ಚಮಚಕ್ಕೆ ಮುಗಿಯುತ್ತದೆ. "ಗ್ಲೂಕೋಸ್ ಹಾಕಿಸದೆ ಅಣ್ಣನನ್ನು ಉಪವಾಸ ಕೆಡವಿದ್ದೀಯ" ಎಂದು ಚಿಕ್ಕಪ್ಪ ಎಲ್ಲರೆದುರು ಅಂದರು. ನಾನು ತಪ್ಪು ಮಾಡುತ್ತಿದ್ದೇನೆಯೇ? — ಒಬ್ಬ ಮಗಳು, ತಿಪಟೂರು

ಉತ್ತರ: ಇಲ್ಲಮ್ಮ. ಆದರೆ ಚಿಕ್ಕಪ್ಪನವರ ಮೇಲೆ ಸಿಟ್ಟಾಗುವ ಮೊದಲು ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ಅಪ್ಪನ ಬಾಯೊಳಗೆ ನೋಡಿ. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರು ಮೆತ್ತಿದಂತೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಬಾಯಿ ಉರಿಯುವುದರಿಂದ ನುಂಗಲು ಹೆದರುತ್ತಾರೆ, ಕೆಲವು ದಿನದ ಔಷಧಿಗೆ ಹೋಗುತ್ತದೆ. ಕೊನೆಯ ಸಲ ಮಲವಿಸರ್ಜನೆ ಆದದ್ದು ಎಂದು ಎಂಬುದನ್ನೂ ಲೆಕ್ಕ ಹಾಕಿ. ನಾಲ್ಕೈದು ದಿನ ಹೊಟ್ಟೆ ಕಟ್ಟಿದವರಿಗೆ ಮೃಷ್ಟಾನ್ನವೂ ಬೇಡವಾಗುತ್ತದೆ. ವಾಕರಿಕೆ, ನೋವು ಇದ್ದರೆ ಅದಕ್ಕೂ ಮದ್ದಿದೆ. ಇವೆಲ್ಲವನ್ನೂ ನಿಮ್ಮ ಡಾಕ್ಟರಿಗೆ ಹೇಳಿ.

ಇವು ಯಾವುವೂ ಇಲ್ಲವಾದರೆ, ಚಿಕ್ಕಪ್ಪನವರು ಹಿಂದುಮುಂದಾಗಿ ತಿಳಿದಿದ್ದಾರೆ ಎಂದೇ ಅರ್ಥ. ರೋಗ ಮೈಯನ್ನು ತಿಂದು ಮುಗಿಸುತ್ತಾ ಬಂದಾಗ ಮೊದಲು ಹೊರಡುವುದೇ ಹಸಿವು. ಆ ದೇಹಕ್ಕೆ ಅನ್ನವನ್ನು ಅರಗಿಸಿ ಬಲವಾಗಿಸಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಗ್ಲೂಕೋಸ್ ಬಾಟಲಿ ಎಂದರೆ ನಮ್ಮವರಿಗೆ ಸಂಜೀವಿನಿ. ನಿಜಕ್ಕೂ ಅದು ಸಕ್ಕರೆ ಬೆರೆಸಿದ ನೀರು. ವಾಂತಿ, ಭೇದಿಯಂಥ ಸರಿಹೋಗುವ ಕಾರಣಕ್ಕೆ ನೀರು ಕಳೆದುಕೊಂಡಿದ್ದರೆ ಡಾಕ್ಟರೇ ಹಾಕಿಸುತ್ತಾರೆ. ಕೊನೆಯ ದಿನಗಳಲ್ಲಿ ಹಾಕಿದರೆ ಆ ನೀರು ಕಾಲಿಗೆ ಇಳಿದು ಊತವಾಗುತ್ತದೆ, ಎದೆಯಲ್ಲಿ ಸೇರಿ ಉಸಿರು ಗೊರಗೊರ ಎನ್ನಬಹುದು.

ಶ್ರೀರಾಮಪುರದ ಒಂದು ಮನೆ ನೆನಪಾಗುತ್ತದೆ. ಗಂಡ ಮಲಗಿದ್ದರು, ಹೆಂಡತಿ ಗಂಟೆಗೊಂದು ಬಟ್ಟಲು ಹಿಡಿದು ಪಕ್ಕದಲ್ಲಿ. "ಬೆಳಿಗ್ಗೆ ಒಂದು ಇಡ್ಲಿ ತಿಂದರು" ಎಂದು ಆಕೆ ಹೆಮ್ಮೆಯಿಂದ ಹೇಳಿದರು. ಬಾಯಿ ಒರೆಸಲೆಂದು ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಒಳಗೆ ಹಾಕಿದೆ. ಮಧ್ಯಾಹ್ನ ನಾಲ್ಕು ಗಂಟೆಗೆ ಆ ಇಡ್ಲಿ ಇನ್ನೂ ಎಡಗೆನ್ನೆಯಲ್ಲೇ ಇತ್ತು. ಹೆಂಡತಿ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಉಗುಳದೆ, ನುಂಗಲೂ ಆಗದೆ, ಏಳೆಂಟು ಗಂಟೆ ಹಾಗೇ ಇಟ್ಟುಕೊಂಡಿದ್ದರು. ನಾನು ಆ ಗಾಜ್ ಬಟ್ಟೆಯನ್ನು ಆಕೆಗೆ ತೋರಿಸಿದೆ. ತೋರಿಸಬಾರದಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಮರುದಿನದಿಂದ ಬಟ್ಟಲು ಬಂದಾಯಿತು. ಆಕೆ ನಿಂಬೆ ಶರಬತ್ತನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಅವರು ಕೇಳಿದಾಗ ಒಂದು ಚೂರು ನಾಲಿಗೆಯ ಮೇಲಿಡುತ್ತಿದ್ದರು.

ನೀವೂ ಅಷ್ಟೇ ಮಾಡಿ. ಕೇಳಿದರೆ, ಪೂರ್ತಿ ಎಚ್ಚರವಿದ್ದರೆ, ತಲೆದಿಂಬು ಎತ್ತರಿಸಿ ಒಂದೊಂದೇ ಚಮಚ. ಬೇಡವೆಂದು ಬಾಯಿ ಮುಚ್ಚಿದರೆ ಮುಗಿಯಿತು, ಒತ್ತಾಯ ಬೇಡ. ಒದ್ದೆ ಗಾಜ್ ಬಟ್ಟೆಯಿಂದ ಬಾಯಿ ಒರೆಸಿ, ತುಟಿಗೆ ತುಪ್ಪ ಸವರಿ. ಚಿಕ್ಕಪ್ಪನವರಿಗೂ ಒಂದು ಕೆಲಸ ಕೊಡಿ: ದಿನಾ ಸಂಜೆ ಅಣ್ಣನ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಲಿ. ಕೈಗೆ ಕೆಲಸವಿಲ್ಲದ ನೆಂಟರೇ ಗ್ಲೂಕೋಸ್ ಕೇಳುವುದು.

ಪ್ರಶ್ನೆ: ಅಮ್ಮನಿಗೆ ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದೆ. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಚಟವಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಹಾಗಾಗಿ ತಡೆಯಲಾಗದಷ್ಟು ನೋವು ಬಂದಾಗ ಮಾತ್ರ ಕೊಡುತ್ತಿದ್ದೇವೆ. ಸರಿಯೇ? — ರಾಜಾಜಿನಗರ, ಬೆಂಗಳೂರು

ಉತ್ತರ: ಸರಿಯಲ್ಲ. ಆ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ಅಮ್ಮ ನರಳುವವರೆಗೆ ಕಾದು ಕೊಟ್ಟರೆ ಅದು ಕೆಲಸ ಶುರು ಮಾಡುವವರೆಗೂ ನರಳಬೇಕು, ಆಮೇಲೆ ಮತ್ತೆ ಅದೇ ಸುತ್ತು. ಗಡಿಯಾರ ನೋಡಿ ಕೊಡಬೇಕು: ಆರು, ಹತ್ತು, ಎರಡು, ಆರು, ಹತ್ತು. ನಡುರಾತ್ರಿಯ ಡೋಸಿಗೆ ಎಬ್ಬಿಸದಿರಲು ಮಲಗುವಾಗಿನ ಪ್ರಮಾಣವನ್ನೇ ಡಾಕ್ಟರು ಹೆಚ್ಚಿಸುವುದುಂಟು, ಕೇಳಿ ತಿಳಿದುಕೊಳ್ಳಿ. ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ನಡುವೆ ನೋವು ಚಿಮ್ಮಿದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟು ಎಂಬುದನ್ನು ಬರೆಸಿಕೊಳ್ಳಿ.

ಕ್ಯಾನ್ಸರ್ ನೋವಿಗೆ ಲೆಕ್ಕದಲ್ಲಿ ಕೊಟ್ಟ ಮಾರ್ಫಿನ್ ಚಟವಾಗುವುದು ಅಪರೂಪ. ನನ್ನ ರೋಗಿಗಳಲ್ಲಿ ಒಬ್ಬರೂ ಅದಕ್ಕಾಗಿ ಹಟ ಹಿಡಿದದ್ದನ್ನು ನಾನು ಕಾಣೆ. ಹಟ ಹಿಡಿದದ್ದು ನೋವಿಗೆ ಹೆದರಿದವರು, ಡೋಸ್ ಸಾಲದೆ ಇದ್ದವರು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರುತ್ತದೆ, ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಜೊತೆಗಿರಬೇಕು. ಎಬ್ಬಿಸಿದರೂ ಏಳದಷ್ಟು ನಿದ್ದೆ, ಕೈಕಾಲು ಬೆಚ್ಚಿಬೀಳುವುದು ಕಂಡರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಮಾತ್ರೆಗಳನ್ನು ಬೀಗದೊಳಗಿಡಿ, ಕೊಟ್ಟ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಮಿಕ್ಕಿದ್ದನ್ನು ಕೊಟ್ಟಲ್ಲಿಗೇ ಹಿಂತಿರುಗಿಸಿ. ನಿಮ್ಮ ನೆರೆಯವರ ಭಯಕ್ಕೂ ಒಂದು ಹಿನ್ನೆಲೆಯಿದೆ: 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಗಳ ಗೋಜಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಜನರ ಮನಸ್ಸಿನ ಗಂಟು ಇನ್ನೂ ಬಿಗಿಯಾಗಿದೆ.

ಪ್ರಶ್ನೆ: ಹಾಸ್ಪೈಸ್ ಎಂದರೆ ಕೈಚೆಲ್ಲಿದವರನ್ನು ಬಿಡುವ ಜಾಗವೇ? ಮನೆಗೆ ಬರುವವರು ಏನು ಮಾಡುತ್ತಾರೆ? — ಸಾಗರ

ಉತ್ತರ: ಅಲ್ಲ. ಗುಣವಾಗದ ರೋಗಿಯ ಕೊನೆಗಾಲದಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆಯೇ ಹಾಸ್ಪೈಸ್, ಅದು ಕಟ್ಟಡವಾಗಲೇಬೇಕಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆ ಕೊಡುವ ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮರುವರ್ಷವೇ ಮನೆಭೇಟಿ ಶುರುವಾಯಿತು, ಮಾರತ್ತಹಳ್ಳಿಯ ಹತ್ತಿರ ಹಾಸಿಗೆಗಳಿರುವ ಕಟ್ಟಡ ಆದದ್ದು 1999ರಲ್ಲಿ. ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಮನೆಗೆ ಬರುವ ತಂಡದಲ್ಲಿ ಸಾಮಾನ್ಯವಾಗಿ ಒಬ್ಬ ನರ್ಸ್, ಒಬ್ಬ ಆಪ್ತಸಲಹೆಗಾರರು, ಅಗತ್ಯ ಬಿದ್ದಾಗ ಡಾಕ್ಟರು. ಹುಣ್ಣು ತೊಳೆಯುತ್ತಾರೆ, ನೋವಿನ ಡೋಸ್ ಸರಿಮಾಡಿಸುತ್ತಾರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ನಿಮಗೆ ಕಲಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ಕೂರುವ ಹೋಮ್ ನರ್ಸ್ ಇವರಲ್ಲ. ರಾತ್ರಿ ಎದ್ದು ನೋಡುವವರು ಮನೆಯವರೇ. ಈ ಗೊಂದಲದಿಂದಲೇ ಎಷ್ಟೋ ಜನ ನನ್ನ ಮೇಲೆ ರೇಗಿದ್ದಾರೆ. ಸಾಗರದವರಾದ ನೀವು ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ತಗ್ಗಿಸುವ ಆರೈಕೆ) ಬಗ್ಗೆ ವಿಚಾರಿಸಿ. ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಪ್ರಶ್ನೆ: ಅಜ್ಜಿ ಆಸ್ಪತ್ರೆ ಬೇಡವೆನ್ನುತ್ತಾರೆ. ರಾತ್ರಿ ಹೊತ್ತಿನಲ್ಲಿ ಏನಾದರೂ ಆದರೆ ಯಾರಿಗೆ ಹೇಳಬೇಕು? ಮರಣ ಪತ್ರ ಹೇಗೆ? — ಮೈಸೂರು

ಉತ್ತರ: ಅಜ್ಜಿಯನ್ನು ನೋಡುತ್ತಿರುವ ಡಾಕ್ಟರನ್ನು ಇವತ್ತೇ ಕೇಳಿ: "ಮನೆಯಲ್ಲೇ ಹೋದರೆ ನೀವು ಸರ್ಟಿಫಿಕೇಟ್ ಕೊಡುತ್ತೀರಾ?" ಹೌದೆಂದರೆ ಅವರ ನಂಬರನ್ನು ಬಾಗಿಲ ಹಿಂದೆ ಅಂಟಿಸಿ. ಗಾಬರಿಯಲ್ಲಿ 108ಕ್ಕೆ ಕರೆ ಮಾಡಿದರೆ ಅವರು ತಮ್ಮ ಕೆಲಸ ಮಾಡುತ್ತಾರೆ, ಅಂದರೆ ಅಜ್ಜಿ ಬೇಡವೆಂದ ಆಸ್ಪತ್ರೆಗೇ ಒಯ್ಯುತ್ತಾರೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಮನೆಯ ಹಿರಿಯರೇ ತಿಳಿಸಬಹುದು. ಅಜ್ಜಿಗೆ ಬುದ್ಧಿ ಚುರುಕಾಗಿದ್ದರೆ ತಮಗೆ ವೆಂಟಿಲೇಟರ್ ಬೇಡವೆಂಬುದನ್ನು ಇಬ್ಬರು ಸಾಕ್ಷಿಗಳೆದುರು ಬರೆದು ನೋಟರಿಯಿಂದ ದೃಢೀಕರಿಸಿಕೊಳ್ಳಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿ, 2023ರಲ್ಲಿ ಸುಲಭ ಮಾಡಿದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಕೊನೆಯ ಹೊತ್ತಿನಲ್ಲಿ ಉಸಿರು ಎಳೆದೆಳೆದು ಬರುತ್ತದೆ, ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾದರೆ ಪಕ್ಕಕ್ಕೆ ಮಲಗಿಸಿ. ಅಂಗೈ, ಅಂಗಾಲು ತಣ್ಣಗಾಗುತ್ತವೆ. ಆಗ ಯಾರಾದರೂ ತುಳಸಿ ನೀರಿನ ಉದ್ಧರಣೆ ಹಿಡಿದು ಬರುತ್ತಾರೆ. ಬಾಯಿಗೆ ಸುರಿಯಲು ಬಿಡಬೇಡಿ, ನುಂಗಲಾಗದೆ ನೀರು ಉಸಿರ್ನಾಳಕ್ಕೆ ಹೋಗುತ್ತದೆ. ತುಳಸಿ ದಳವನ್ನು ನೀರಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿ, ಶಾಸ್ತ್ರವೂ ಆಯಿತು. ಉಸಿರು ನಿಂತ ಮೇಲೆ ಅವಸರವಿಲ್ಲ. ಬೆಳಕು ಹರಿಯುವವರೆಗೆ ಯಾರಿಗೂ ಫೋನ್ ಮಾಡದೆ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದರೂ ನಡೆಯುತ್ತದೆ.