ಕೊನೆಯ ಪಿರಿಯಡ್ಡಿಗೆ ಇಂಗುವ ದನಿ

(ಪತ್ರದ ಸಾರ: ಬರೆದವರು ಸೇಡಂ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಮೂರು ವರ್ಷಗಳ ಹಿಂದೆ ಸಂಜೆಯ ಹೊತ್ತಿಗೆ ಅವರ ಬಲಗಣ್ಣಿನ ರೆಪ್ಪೆ ಜೋಲತೊಡಗಿತು. ಆಮೇಲೆ ಒಂದು ವಸ್ತು ಎರಡಾಗಿ ಕಂಡಿತು, ಪಾಠ ಮಾಡುತ್ತ ಮಾಡುತ್ತ ದನಿ ಮೂಗಿನೊಳಗೆ ಇಳಿಯಿತು, ಅರ್ಧ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋಲತೊಡಗಿತು. ಕನ್ನಡಕ ಎರಡು ಸಲ ಬದಲಾಯಿತು, ಒಂದು ಹಲ್ಲು ಹೋಯಿತು, ‘ಟೆನ್ಶನ್’ ಎಂದು ಮಾತ್ರೆಯೂ ಸಿಕ್ಕಿತು. ಕಳೆದ ವರ್ಷ ಹೈದರಾಬಾದಿನಲ್ಲಿ ಇದು ಮಯಸ್ತೇನಿಯಾ ಗ್ರೇವಿಸ್, ಅಂದರೆ ದುಡಿದಂತೆ ಸ್ನಾಯುಗಳು ಸೋಲುವ ಕಾಯಿಲೆ, ಎಂದು ಗೊತ್ತಾಯಿತು. ಈ ನಡುವೆ ನಮ್ಮ ಪತ್ರಿಕೆಯ ಆರೋಗ್ಯ ಅಂಕಣದಲ್ಲಿ “ಹೆಂಗಸರ ದಣಿವಿಗೆ ಮುಕ್ಕಾಲು ಪಾಲು ಮನಸ್ಸೇ ಕಾರಣ” ಎಂದು ಬಂದದ್ದನ್ನು ಅವರ ಅತ್ತೆಯವರು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. “ನೀವು ಬರೆದದ್ದು ಸರಿಯೇ? ನಾನು ನಾಟಕ ಮಾಡುತ್ತಿದ್ದೇನೆಯೇ? ಇದರ ಜೊತೆ ಬದುಕುವುದು ಹೇಗೆ?” ಎಂದು ಕೇಳಿದ್ದಾರೆ.)

ಅಕ್ಕೋರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ಊರೆಲ್ಲ ಕರೆಯುವ ಹಾಗೆಯೇ ನಾನೂ ಕರೆಯುತ್ತೇನೆ.

ಮೊದಲು ನಮ್ಮ ತಪ್ಪು. ಆ ‘ಮುಕ್ಕಾಲು ಪಾಲು’ ಎಲ್ಲಿಂದ ಬಂತು ಎಂದು ನಿಮ್ಮ ಪತ್ರ ಬಂದ ಮೇಲೆ ಅಂಕಣಕಾರರನ್ನು ಕೇಳಿದೆ. ಅನುಭವದಿಂದ ಎಂದರು. ಅದನ್ನು ನಾನು ಕೇಳಬೇಕಾಗಿದ್ದದ್ದು ಅಚ್ಚಿಗೆ ಹೋಗುವ ಮೊದಲು. ಅಷ್ಟೇ ಅಲ್ಲ, ಆ ಸಾಲನ್ನು ಎತ್ತಿ ದಪ್ಪ ಅಕ್ಷರದಲ್ಲಿ ಹಾಕಿದವನು ಅಂಕಣಕಾರನಲ್ಲ, ನಾನು. ಪುಟದಲ್ಲಿ ಎರಡು ಇಂಚು ಜಾಗ ಉಳಿದಿತ್ತು, ಸಾಲು ಚುರುಕಾಗಿ ಕಂಡಿತು. ಆ ಎರಡು ಇಂಚು ನಿಮ್ಮ ಅಡುಗೆಮನೆಯ ಗೋಡೆಯವರೆಗೆ ಹೋಗುತ್ತದೆ ಎಂದು ಹೊಳೆಯಲಿಲ್ಲ. ಕ್ಷಮಿಸಿ. ಆ ಮಾತಿಗೆ ಆಧಾರವಿಲ್ಲ ಎಂದು ಈ ಸಂಚಿಕೆಯ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿದ್ದೇವೆ.

ಇನ್ನು ನಾಟಕದ ಮಾತು. ಅತ್ತೆಯವರ ದೂರನ್ನು ನೀವು ಪ್ರಾಮಾಣಿಕವಾಗಿಯೇ ಬರೆದಿದ್ದೀರಿ. ಬೆಳಗ್ಗೆ ಚೆನ್ನಾಗಿಯೇ ಇರುತ್ತಾಳೆ, ತವರಿನವರು ಬಂದರೆ ನಕ್ಕು ಮಾತನಾಡುತ್ತಾಳೆ, ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಕೈ ಸೋಲುತ್ತದೆ, ಹೋಗಿ ಅರ್ಧ ಗಂಟೆ ಮಲಗಿ ಎದ್ದರೆ ಮತ್ತೆ ಸರಿ. ಇದನ್ನು ಮೂರು ಸಲ ಓದಿದೆ. ಅಕ್ಕೋರೇ, ನಿಮ್ಮ ಕಾಯಿಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ವೈದ್ಯರೂ ವರ್ಣಿಸಲಾರರು. ದುಡಿದಂತೆ ಸೋಲುವುದು, ವಿಶ್ರಾಂತಿಯಿಂದ ಮರಳುವುದು ಇದರ ಮುಖ್ಯ ಗುರುತು. ಅತ್ತೆಯವರು ನಿಮ್ಮ ವಿರುದ್ಧ ಹೇಳಿದ ಸಾಕ್ಷಿ ಪೂರ್ತಿ ನಿಮ್ಮ ಪರವಾಗಿದೆ.

1672ರಲ್ಲಿಯೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಒಬ್ಬ ಹೆಂಗಸಿನ ವಿಷಯ ಬರೆದಿಟ್ಟಿದ್ದಾನೆ. ಆಕೆ ಮೊದಲು ಸಲೀಸಾಗಿ ಮಾತನಾಡುತ್ತಿದ್ದಳು. ಬಹಳ ಹೊತ್ತು ಅಥವಾ ಅವಸರದಿಂದ ಮಾತನಾಡಿದರೆ ಮೀನಿನಂತೆ ಮೂಕಳಾಗುತ್ತಿದ್ದಳು, ಒಂದೆರಡು ಗಂಟೆ ಕಳೆಯದೆ ದನಿ ಮರಳುತ್ತಿರಲಿಲ್ಲ. ಕೊನೆಯ ಪಿರಿಯಡ್ಡಿನಲ್ಲಿ ಮಗ್ಗಿ ಹೇಳಿಸುವಾಗ ನಿಮಗೆ ಆಗುವುದೂ ಇದೇ ಅಲ್ಲವೇ? ಈ ಕಾಯಿಲೆಗೆ ಈಗಿನ ಹೆಸರು ಬಂದದ್ದು 1895ರಲ್ಲಿ, ಜರ್ಮನಿಯ ಫ್ರೀಡ್ರಿಕ್ ಯೋಲಿ ಎಂಬ ವೈದ್ಯನಿಂದ. ಅತ್ತೆಯವರಿಗೆ ವಿಲ್ಲಿಸ್, ಯೋಲಿ ಬೇಡವೆನ್ನಿಸಿದರೆ ಅಮಿತಾಭ್ ಬಚ್ಚನ್ ಹೆಸರು ಹೇಳಿ. 1984ರಲ್ಲಿ ಅವರಿಗೆ ಪತ್ತೆಯಾದದ್ದು ಇದೇ ಕಾಯಿಲೆ. ನಾಟಕ ಮಾಡುವುದೇ ಕಸುಬಾದ ಮನುಷ್ಯನಿಗೂ ಇದನ್ನು ನಟಿಸಿ ತೋರಿಸುವ ಅಗತ್ಯ ಬೀಳಲಿಲ್ಲ.

ದೇಹದೊಳಗೆ ಏನಾಗುತ್ತದೆ ಎಂದು ಹೈದರಾಬಾದಿನಲ್ಲಿ ಅವಸರದಲ್ಲಿ ಹೇಳಿದರು, ಅರ್ಥವಾಗಲಿಲ್ಲ ಎಂದಿದ್ದೀರಿ. ನನಗೆ ತಿಳಿದದ್ದು ಅಂಚೆಯ ವ್ಯವಹಾರ, ಅದರಲ್ಲೇ ಹೇಳುತ್ತೇನೆ. ‘ಎತ್ತು’ ಎಂಬ ಆಜ್ಞೆಯನ್ನು ನರವು ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ರೂಪದಲ್ಲಿ ಕಳಿಸುತ್ತದೆ. ಅದು ಪತ್ರ. ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳುವ ಪೆಟ್ಟಿಗೆಗಳಿವೆ. ರೋಗಾಣುಗಳ ಮೇಲೆ ಬೀಳಬೇಕಾದ ನಿಮ್ಮ ದೇಹದ ಕಾವಲು ಪಡೆ ದಾರಿ ತಪ್ಪಿ ಈ ಪೆಟ್ಟಿಗೆಗಳನ್ನೇ ಮುಚ್ಚುತ್ತಿದೆ, ಒಡೆಯುತ್ತಿದೆ. ನರದ ತಪ್ಪಿಲ್ಲ, ಸ್ನಾಯುವಿನ ತಪ್ಪೂ ಇಲ್ಲ, ಮನಸ್ಸಿನ ತಪ್ಪಂತೂ ಮೊದಲೇ ಇಲ್ಲ. ವಿಶ್ರಾಂತಿಯ ನಂತರ ಅಂಚೆಚೀಲ ತುಂಬಿರುತ್ತದೆ, ಉಳಿದ ಕೆಲವೇ ಪೆಟ್ಟಿಗೆಗಳಿಗೂ ಸಾಕಷ್ಟು ಪತ್ರ ಬೀಳುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಪ್ರತಿ ಸಲ ಬರುವ ಪತ್ರ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಎಲ್ಲರಲ್ಲೂ ಹಾಗೆಯೇ ಆಗುತ್ತದೆ. ಪೆಟ್ಟಿಗೆಗಳು ಸಾಕಷ್ಟಿರುವವರಿಗೆ ಅದು ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ರೆಪ್ಪೆ ಎತ್ತುವುದು, ಅಗಿಯುವುದು, ನುಂಗುವುದು, ಮಾತನಾಡುವುದು, ರೊಟ್ಟಿ ಬಡಿಯುವುದು, ಎಲ್ಲವೂ ಮತ್ತೆ ಮತ್ತೆ ಮಾಡುವ ಕೆಲಸಗಳೇ.

ಬಿದ್ದ ಪತ್ರಗಳನ್ನು ಕ್ಷಣದಲ್ಲಿ ಗುಡಿಸಿ ಹಾಕುವ ಕಿಣ್ವವೊಂದಿದೆ. ನೀವು ನುಂಗುವ ಪಿರಿಡೋಸ್ಟಿಗ್ಮಿನ್ ಆ ಗುಡಿಸುವವನ ಕೈ ಹಿಡಿಯುತ್ತದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆಗೆ ಈ ಕಾಯಿಲೆ ಸ್ನಾಯುಗಳನ್ನು ಸೋಲಿಸುವ ಕ್ಯುರಾರೆ ಎಂಬ ವಿಷದ ಪರಿಣಾಮದಂತೆಯೇ ಇದೆಯಲ್ಲ ಎಂದು ಹೊಳೆಯಿತು. ಆ ವಿಷಕ್ಕೆ ಕೊಡುವ ಮದ್ದನ್ನೇ ಚುಚ್ಚಿ ನೋಡಿದರು, ರೋಗಿಯ ರೆಪ್ಪೆ ಮೇಲೆದ್ದಿತು. ನಿಮ್ಮ ಮಾತ್ರೆ ಅದೇ ವಂಶದ್ದು.

ಒದ್ದೆ ಬಟ್ಟೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತಣ್ಣೀರಿನ ಬಟ್ಟೆ ಇಟ್ಟುಕೊಂಡರೆ ಕಣ್ಣು ತೆರೆಯುತ್ತದೆ, ಅದನ್ನು ನೋಡಿ ಮನೆಯವರು ನಕ್ಕರು ಎಂದಿದ್ದೀರಿ. ವೈದ್ಯರು ಇದೇ ಉಪಾಯವನ್ನು ಪರೀಕ್ಷೆಯಾಗಿ ಬಳಸುತ್ತಾರೆ. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆ ಇಟ್ಟು, ರೆಪ್ಪೆ ಎರಡು ಮಿಲಿಮೀಟರಿನಷ್ಟಾದರೂ ಮೇಲೆದ್ದಿದೆಯೇ ಎಂದು ಅಳೆಯುತ್ತಾರೆ. ತಂಪಿನಲ್ಲಿ ಗುಡಿಸುವವನ ಕೈ ನಿಧಾನವಾಗುತ್ತದೆ. ಬಿಸಿಲಿನಲ್ಲಿ ಇದರ ಉಲ್ಟಾ. ನಮ್ಮ ಕಲಬುರಗಿಯ ಬೇಸಿಗೆ ಎಂಥದ್ದೆಂದು ನಿಮಗೆ ಹೇಳಬೇಕೇ? ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತಾರೆ. ಮಧ್ಯಾಹ್ನದ ನಂತರ ಇಲ್ಲಿ ದುಡಿಯಲಾಗದು ಎಂದು ಸರ್ಕಾರವೇ ಎರಡು ತಿಂಗಳ ಮಟ್ಟಿಗೆ ಒಪ್ಪಿದೆ. ನಿಮ್ಮ ಮೈ ಅದೇ ವೇಳಾಪಟ್ಟಿಯನ್ನು ವರ್ಷಪೂರ್ತಿ ಕೇಳುತ್ತಿದೆ, ಅಷ್ಟೇ. ಮುಖ್ಯೋಪಾಧ್ಯಾಯರಿಗೆ ಹೇಳಬೇಕೋ ಬೇಡವೋ ಎಂದು ಕೇಳಿದ್ದೀರಿ. ಹೇಳಿ, ವೈದ್ಯರ ಪತ್ರ ಕೈಯಲ್ಲಿ ಹಿಡಿದು ಹೇಳಿ. ಓದಿಸುವ, ಹಾಡಿಸುವ ತರಗತಿಗಳು ಬೆಳಗ್ಗೆ ಇರಲಿ, ಬರೆಸುವ ಕೆಲಸ ಮಧ್ಯಾಹ್ನಕ್ಕೆ ಹೋಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನಿಮ್ಮ ಕಾಯಿಲೆಯ ಹೆಸರಿಲ್ಲ. ಅದರ ಬೆನ್ನು ಹತ್ತುವುದಕ್ಕಿಂತ ಈ ಒಪ್ಪಂದ ಬೇಗ ಆಗುತ್ತದೆ.

ಕಾಯಿಲೆ ಪತ್ತೆಯಾಗಲು ಇಷ್ಟು ಕಾಲ ಯಾಕೆ ಹಿಡಿಯಿತು? ವೈದ್ಯರ ಮೇಲೆ ನಿಮಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ, ಹಲ್ಲಿನ ವಿಷಯದಲ್ಲಂತೂ. ಆದರೆ ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಪ್ರತಿ ಸಲವೂ ನೀವು ನಸುಕಿನ ಬಸ್ಸಿಗೆ ಹೊರಟು, ಸೀಟಿಗೆ ಒರಗಿ ನಿದ್ದೆ ಮಾಡಿ, ಹತ್ತು ಗಂಟೆಗೆ ವೈದ್ಯರ ಮುಂದೆ ಕುಳಿತಿರಿ. ಆ ಹೊತ್ತಿಗೆ ಕಾಯಿಲೆ ಮುಖದ ಮೇಲೆ ಇರಲಿಲ್ಲ. ಹೈದರಾಬಾದಿನವರು ರೆಪ್ಪೆ ಮಿಟುಕಿಸದೆ ಛಾವಣಿ ನೋಡಿ ಎಂದು ಕಾಯಿಲೆಯನ್ನು ಅಲ್ಲೇ ದಣಿಸಿ ಹೊರಗೆ ಕರೆದರು. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಹೀಗೆ ಆಗುತ್ತಿದ್ದರೆ, ಬೆಳಗ್ಗೆ ಒಂದು, ಸಂಜೆ ಒಂದು, ಒಂದು ನಿಮಿಷದ ವಿಡಿಯೊ ಮೊಬೈಲಿನಲ್ಲಿ ಹಿಡಿದು ನರರೋಗ ತಜ್ಞರಿಗೆ ತೋರಿಸಿ. ಇನ್ನೊಂದು ಮಾತು, ರಕ್ತದಲ್ಲಿ ಪ್ರತಿಕಾಯ, ಅಂದರೆ ಪೆಟ್ಟಿಗೆಗಳ ಮೇಲೆ ಬೀಳುವ ಆ ಕಾವಲು ಪಡೆಯ ಆಳು, ಸಿಗಲಿಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು. ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಪರೀಕ್ಷೆ ನೆಗೆಟಿವ್ ಬರುತ್ತದೆ. ಹತ್ತು ಲಕ್ಷ ಜನರಲ್ಲಿ 150ರಿಂದ 200 ಜನರಿಗೆ ಇದು ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ ದಾಟಿತ್ತು. ಕೂಡಿಸಿ ಕಳೆದರೆ ನಾಲ್ಕು ನೂರರಷ್ಟು ಜನ ಆಗುತ್ತಾರೆ. ಅವರಲ್ಲಿ ಎಷ್ಟು ಜನ ಕನ್ನಡಕ ಬದಲಿಸುತ್ತ, ತಾಯಿತ ಕಟ್ಟಿಸಿಕೊಳ್ಳುತ್ತ ಕುಳಿತಿದ್ದಾರೋ. ನಲವತ್ತರ ಒಳಗಿನವರಲ್ಲಿ ಇದು ಹೆಂಗಸರಿಗೇ ಹೆಚ್ಚು. ನಮ್ಮ ಅಂಕಣ ‘ಮನಸ್ಸು’ ಎಂದದ್ದು ಅವರನ್ನೇ ಎಂದು ನೆನೆದಾಗ ಇನ್ನಷ್ಟು ನಾಚಿಕೆಯಾಗುತ್ತದೆ.

ಬದುಕುವುದು ಹೇಗೆ ಎಂಬುದಕ್ಕೆ ನಾನು ವೈದ್ಯನಲ್ಲ ಎಂದು ಜಾರಿಕೊಳ್ಳಬಹುದು. ಆದರೂ ಕೆಲವು ಮಾತು ಹೇಳಲೇಬೇಕು. ಆ ಮಾತ್ರೆಯ ಬಲ ಮೂರು ನಾಲ್ಕು ಗಂಟೆಯದು, ಹತ್ತಲು ಅರ್ಧ ಗಂಟೆಯಾದರೂ ಬೇಕು. ಊಟಕ್ಕೆ ಮುಂಚೆ ಅದು ಹತ್ತಿರುವಂತೆ ಹೊತ್ತನ್ನು ವೈದ್ಯರ ಜೊತೆ ಕುಳಿತು ಗೊತ್ತುಮಾಡಿಕೊಳ್ಳಿ. ಖಡಕ್ ರೊಟ್ಟಿಯ ಮೇಲೆ ಹಟ ಬೇಡ, ಬಿಸಿ ರೊಟ್ಟಿಯನ್ನು ತೊಗರಿಬೇಳೆಯಲ್ಲಿ ನೆನೆಸಿ ತಿಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸೋತಿತೆಂದು ನೀವಾಗಿಯೇ ಇನ್ನೊಂದು ಮಾತ್ರೆ ನುಂಗಬೇಡಿ, ಪ್ರಮಾಣ ಮೀರಿದರೂ ಸ್ನಾಯು ಸೋಲುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ಮೈ ಊದಿತೆಂದು ತಟ್ಟನೆ ಬಿಡಬೇಡಿ. ಎದೆಯ ಸ್ಕ್ಯಾನ್ ಬಾಕಿ ಇದೆ ಎಂದಿದ್ದೀರಿ, ಮುಂದೂಡಬೇಡಿ. ಈ ಕಾಯಿಲೆಯವರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಕಡೆ. ಜ್ವರ ಬಂದರೆ ನಮ್ಮ ಹಳ್ಳಿಗಳಲ್ಲಿ ಏನು ಮಾಡುತ್ತಾರೆ? ಓಣಿಯ ಡಾಕ್ಟರ ಹತ್ತಿರ ಹೋಗಿ ಸೂಜಿ ಮಾಡಿಸಿಕೊಂಡು ಬರುತ್ತಾರೆ, ಯಾವ ಸೂಜಿ ಎಂದು ಕೇಳುವ ರೂಢಿಯಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್, ಮಲೇರಿಯಾದ ಕ್ಲೋರೊಕ್ವಿನ್, ಮೆಗ್ನೀಸಿಯಂ ಇಂಜೆಕ್ಷನ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಿಮ್ಮ ಕಾಯಿಲೆಯನ್ನು ಕೆರಳಿಸಬಲ್ಲವು. ಈ ಹೆಸರುಗಳನ್ನು ಒಂದು ರಟ್ಟಿನ ಮೇಲೆ ಬರೆದು, ಮೇಲೆ ಕಾಯಿಲೆಯ ಹೆಸರು, ಕೆಳಗೆ ನಿಮ್ಮ ವೈದ್ಯರ ಫೋನ್ ನಂಬರ್ ಹಾಕಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಯಾರೇ ಸೂಜಿ ಎತ್ತಿದರೂ ಮೊದಲು ಅದನ್ನು ತೋರಿಸಿ. ಜ್ವರವೇ ಕಾಯಿಲೆಯನ್ನು ಏರಿಸುತ್ತದೆ ಎಂಬುದೂ ನೆನಪಿರಲಿ. ನೀರು ನುಂಗಿದರೆ ಮೂಗಿನಿಂದ ಬರುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಮಕ್ಕಳಿಗೆ ಎಣಿಸಲು ಕಲಿಸಿದವರು ನೀವು. ಈ ಎಣಿಕೆಯನ್ನು ನಿಮ್ಮ ಮಗಳಿಗೂ, ಸಾಧ್ಯವಾದರೆ ಅತ್ತೆಯವರಿಗೂ ಹೇಳಿಕೊಡಿ. ಆ ರಾತ್ರಿ ಪಕ್ಕದಲ್ಲಿರುವವರು ಅವರೇ.

ಎಷ್ಟು ದಿನ ಎಂದು ಕೇಳಿದ್ದೀರಿ. ಬೇರಿನಿಂದ ಕಿತ್ತುಹಾಕುತ್ತೇವೆ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಡಿ. ಅಂಥ ಜಾಹೀರಾತು ನಮ್ಮ ಪತ್ರಿಕೆಯಲ್ಲಿ ಬಂದರೆ ನನಗೆ ಬಯ್ದು ಬರೆಯಿರಿ. ಹೆಚ್ಚಿನವರಲ್ಲಿ ಇದರ ಉಗ್ರತೆ ಮೊದಲ ಎರಡು ಮೂರು ವರ್ಷಗಳಲ್ಲೇ ಕಾಣಿಸಿಕೊಂಡು, ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ. ಕೆಲವರಿಗೆ ವರ್ಷಗಟ್ಟಲೆ ಲಕ್ಷಣಗಳೇ ಇರುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಹದಕ್ಕೆ ತರುವ ಮಾತ್ರೆಗಳು ಹತ್ತಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಏನೂ ಆಗುತ್ತಿಲ್ಲ ಎಂದು ಅನ್ನಿಸುವುದು ಸಹಜ.

ನಿಮ್ಮ ಪತ್ರದ ಕೊನೆಯ ಹತ್ತು ಸಾಲು ಗೆರೆ ಬಿಟ್ಟು ಕೆಳಗೆ ಜಾರಿವೆ, ಕೆಲವು ಅಕ್ಷರಗಳ ಮೇಲೆ ಅಕ್ಷರ ಕುಳಿತಿವೆ. “ಕಣ್ಣು ಎರಡೆರಡು ಕಾಣುತ್ತಿದೆ, ಅಂದಗೇಡಿ ಬರವಣಿಗೆಗೆ ಕ್ಷಮೆ ಇರಲಿ” ಎಂದು ಅಂಚಿನಲ್ಲಿ ಬರೆದಿದ್ದೀರಿ. ಸ್ಕ್ಯಾನ್ ಆದ ಮೇಲೆ ಏನು ಹೇಳಿದರು ಎಂದು ತಿಳಿಸಿ. ಬೆಳಗ್ಗೆ ಬರೆದರೆ ನಿಮಗೆ ಸಲೀಸು. ಸಂಜೆಯೇ ಬಿಡುವಾಗುವುದಾದರೆ ಸಂಜೆಯೇ ಬರೆಯಿರಿ, ನಾವು ಓದಿಕೊಳ್ಳುತ್ತೇವೆ.

— ಸಂಪಾದಕ