ಡಾಕ್ಟರ್ ಮಂಗಳೂರಿನವರಾದರೂ ಕಾಗದ ಈ ಕಡೆಯದೇ ಬೇಕು

ನಿಮ್ಮ ತಂಗಿಯ ಮಗನಿಗೆ ಎರಡೂವರೆ ವರ್ಷವಾದರೂ ಮಾತು ಬಂದಿಲ್ಲ, ಅವರಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಇರಬಹುದಾ ಅಂತ ಬೆಂಗಳೂರಿನಿಂದ ಕೇಳಿದ್ದೀರಿ. ನಾನು ಅಲ್ಲೇ ಪೆರ್ಲದ ಕಡೆಯವಳು. ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ. ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಇಲ್ಲಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಜ. ಪಡ್ರೆಯ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಅನುಮಾನ ಪಟ್ಟು ಬರೆದ ಮೇಲೆಯೇ ಹೊರಗಿನವರು ಇತ್ತ ತಿರುಗಿದ್ದು. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕು ಎಂದಿತು. ಆ ನೋವು ಸಣ್ಣದಲ್ಲ. ಆದರೆ ಮಾತು ತಡವಾದ ಪ್ರತಿ ಮಗುವೂ ಅದರಿಂದಲೇ ಹಾಗಾಯಿತು ಅನ್ನಲಾಗದು. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ನಿಮ್ಮ ಬೀದಿಯಲ್ಲೂ ಇರುತ್ತಾರೆ. ನನಗೆ ಬೇಜಾರಾಗುವುದು ಇನ್ನೊಂದಕ್ಕೆ. "ಎಂಡೋಸಲ್ಫಾನ್ ಲಿಸ್ಟಿನಲ್ಲಿ ಹೆಸರಿಲ್ಲ, ಹಾಗಾದ್ರೆ ನಮಗೆ ಏನೂ ಸಿಗುವುದಿಲ್ಲ" ಅಂತ ಸುಮ್ನೆ ಕೂತವರನ್ನು ನಾನು ನೋಡಿದ್ದೇನೆ. ಸಂತ್ರಸ್ತರ ಆ ಲಿಸ್ಟ್ ಬೇರೆ, ಅಂಗವೈಕಲ್ಯದ ಹಕ್ಕು ಬೇರೆ. 2016ರ ಕಾನೂನಿನಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ, ಬೌದ್ಧಿಕ ವೈಕಲ್ಯ ಎರಡೂ ಅದರಲ್ಲಿವೆ. ಕಾರಣ ಯಾವುದೇ ಇರಲಿ, 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಆದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ.

ನಮ್ಮವರು ಕಾಯಿಲೆ ಅಂದರೆ ಮಂಗಳೂರಿಗೆ ಹೋಗುತ್ತಾರೆ. ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ, ಮಂಗಳೂರು ಒಂದು ಬಸ್ಸಿನ ದಾರಿ. ತಪ್ಪೇನಿಲ್ಲ, ತಪಾಸಣೆ ಅಲ್ಲೇ ಮಾಡಿಸಿ. ಆದರೆ ಪೆನ್ಶನ್, ಶಾಲೆ, ವಿಮೆಗೆಲ್ಲ ಈ ಕಡೆಯ, ಅಂದರೆ ಕೇರಳದ ವೈದ್ಯರ ಮಂಡಳಿಯ ಸರ್ಟಿಫಿಕೇಟ್ ಮತ್ತು ಯುಡಿಐಡಿ ಅನ್ನುವ ಅಂಗವೈಕಲ್ಯದ ಗುರುತಿನ ಕಾರ್ಡ್ ಬೇಕು. ಅಕ್ಕ ಎರಡು ವರ್ಷ ಮಂಗಳೂರಿನ ಚೀಟಿಗಳನ್ನೇ ಜೋಪಾನ ಮಾಡಿದ್ದಳು. ಇದು ಸಾಲದು ಅಂತ ಮೊದಲೇ ಒಬ್ಬರಾದರೂ ಹೇಳಬೇಕಿತ್ತು. 2020ರಲ್ಲಿ ಕೋವಿಡ್ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅವನ ಥೆರಪಿಯೂ ನಿಂತಿತು. ಆಮೇಲೆಯೇ ನಾವು ಈ ಕಡೆ ಏನಿದೆ ಅಂತ ಹುಡುಕಿದ್ದು.

ಅರ್ಜಿ ಹಾಕಲು ಅಕ್ಷಯ ಕೇಂದ್ರಕ್ಕೆ ಹೋದರೆ ಎರಡು ಪದಗಳು ಕಣ್ಣಿಗೆ ಬೀಳುತ್ತವೆ. ಒಂದು 'ಭಿನ್ನಶೇಷಿ'. ಕನ್ನಡದಲ್ಲಿ ಶೇಷ ಅಂದರೆ ಉಳಿದದ್ದು. ಮಲಯಾಳಂನಲ್ಲಿ ಶೇಷಿ ಅಂದರೆ ಸಾಮರ್ಥ್ಯ. ನೀವು ವಿಕಲಚೇತನ ಅನ್ನುವುದನ್ನು ಇಲ್ಲಿ ಹಾಗೆ ಬರೆಯುತ್ತಾರೆ. ಇನ್ನೊಂದು 'ಅಪೇಕ್ಷ'. ಅದು ಆಸೆ ಅಲ್ಲ, ಅರ್ಜಿ. ಇದನ್ನೆಲ್ಲ ಮಲಯಾಳಂನಲ್ಲೇ ಬರೆಯಬೇಕು ಅಂತಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲಿದೆ. ಧೈರ್ಯವಾಗಿ ಕೇಳಲು ತಂಗಿಗೆ ಹೇಳಿ.

ತಪಾಸಣೆಯ ದಿನದ ಭಾಷೆಯ ಬಗ್ಗೆಯೂ ಒಂದು ಮಾತು. ಒಂದು ಕಡೆ ಅಕ್ಕನ ಮಗನ ಎದುರು ಲೋಟ ಇಟ್ಟು ಮಲಯಾಳಂನಲ್ಲಿ "ವೆಳ್ಳಂ ವೇಣೋ?" (ನೀರು ಬೇಕಾ?) ಅಂತ ಕೇಳಿದರು. ಅವನು ಕಿಟಕಿಯ ಸರಳನ್ನೇ ಬೆರಳಿನಿಂದ ಉಜ್ಜುತ್ತಾ ನಿಂತಿದ್ದ. ಮಾತು ಅರ್ಥವಾಗುವುದಿಲ್ಲ ಅಂತ ಬರೆದುಕೊಂಡರು. ಆಗ ಅಕ್ಕ ಮೆಲ್ಲಗೆ "ನೀರ್ ಬೋಡಾ?" ಅಂದಳು. ಕೂಡಲೇ ತಿರುಗಿ ಲೋಟಕ್ಕೆ ಕೈ ಚಾಚಿದ. ಮನೆಯಲ್ಲಿ ಆಡುವುದು ತುಳು ಅಲ್ವಾ? ಬರೆದದ್ದನ್ನು ಅವರು ತಿದ್ದಿದರು. ಹಾಗಾಗಿ ಮನೆಯ ಮಾತು ಯಾವುದು ಅಂತ ಮೊದಲೇ ಹೇಳಬೇಕು. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. "ತುಳು ಬಿಟ್ಟುಬಿಡಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಮ್ಮ ಮನಸ್ಸು ಬಿಚ್ಚಿ ಆಡುವ ಮಾತೇ ಮಗುವಿಗೆ ಬೇಕಾದದ್ದು.

ಸದ್ಯಕ್ಕೆ ತಂಗಿ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಹಿಡಿಯಲಿ. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಲು ಸರಕಾರದ ಜಿಲ್ಲಾ ಕೇಂದ್ರ ಇದೆ, ಅದನ್ನು ಡಿಇಐಸಿ ಅನ್ನುತ್ತಾರೆ. ಅಲ್ಲಿಗೆ ಚೀಟಿ ಬರೆಸಿಕೊಳ್ಳಲಿ. ಮೊದಲು ಕಿವಿ ಕೇಳುತ್ತದಾ ಅಂತ ಪರೀಕ್ಷೆ ಆಗಲಿ. ಹೆಸರು ಕರೆದರೆ ತಿರುಗುತ್ತಾನಾ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಇದನ್ನು ಒಂದು ವಾರ ಗಮನಿಸಿ ಬರೆದಿಡಲಿ. "ಅವನಪ್ಪನೂ ತಡವಾಗಿಯೇ ಮಾತಾಡಿದ್ದು" ಅಂತ ಅತ್ತೆ ಹೇಳಿಯೇ ಹೇಳುತ್ತಾರೆ. ನಮ್ಮ ಮನೆಯಲ್ಲೂ ಹೇಳಿದ್ದರು, ಅದರಲ್ಲೇ ಒಂದು ವರ್ಷ ಹೋಯಿತು.

ಆಟಿಸಂ ಅಥವಾ ಬೌದ್ಧಿಕ ವೈಕಲ್ಯ ಅಂತ ಆದರೆ ನಿರಾಮಯ ಅನ್ನುವ ಸರಕಾರಿ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಬರುತ್ತದೆ. ಇನ್ನು ಶಾಲೆ. ಸಾಮಾನ್ಯ ಶಾಲೆಗೆ ಹೊಂದಿಕೊಳ್ಳಲು ಕಷ್ಟವಾದವರಿಗೆ ಇಲ್ಲಿನ ಎಷ್ಟೋ ಪಂಚಾಯತುಗಳಲ್ಲಿ ಬಡ್ಸ್ ಶಾಲೆಗಳಿವೆ. ಪಂಚಾಯತು ಮತ್ತು ಕುಟುಂಬಶ್ರೀ ಅನ್ನುವ ಮಹಿಳಾ ಸಂಘಗಳ ಯೋಜನೆ ಸೇರಿ ನಡೆಸುವಂಥವು. ಅಕ್ಕನ ಮಗ ಅಂಥದ್ದಕ್ಕೇ ಹೋಗುತ್ತಾನೆ. ಬೆಳಿಗ್ಗೆ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಚಪ್ಪಲಿ ತಂದು ಅಕ್ಕನ ಮಡಿಲಲ್ಲಿ ಇಡುತ್ತಾನೆ.